ಯಾವ ಪಿನ್?

ಮೊನ್ನೆ ರೈಲು ತಡವಾಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿ ಆ ಕಡೆ ಕೂತಿದ್ದವರನ್ನು "ಅಂಕಲ್, ಚಾರ್ಜರ್ ಇದೆಯಾ?" ಅಂತ ಕೇಳಿದಳು. ಅವರು ಬ್ಯಾಗಿಗೆ ಕೈ ಹಾಕಿ ತೆಗೆದು ಕೊಟ್ಟರು. ಅವಳು ಗೋಡೆಗೆ ಸಿಕ್ಕಿಸಿ ಫೋನಿಗೆ ಚುಚ್ಚಿಕೊಂಡಳು. ಅಷ್ಟೇ. ಇದರಲ್ಲೇನಿದೆ ಅಂತ ನಿಮಗನ್ನಿಸಬಹುದು. ಆ ಕ್ಷಣಕ್ಕೆ ನನಗೂ ಏನೂ ಅನ್ನಿಸಲಿಲ್ಲ. ರೈಲು ಹತ್ತಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಆ ಮಾತುಕತೆಯಲ್ಲಿ ಒಂದು ಪ್ರಶ್ನೆ ಕಡಿಮೆ ಇತ್ತು. "ಯಾವ ಪಿನ್?" ಅಂತ ಅವರು ಕೇಳಲೇ ಇಲ್ಲ. ಹಿಂದೆ ಚಾರ್ಜರ್ ಕೇಳಿದರೆ ಮೊದಲು ಬರುತ್ತಿದ್ದ ಉತ್ತರವೇ ಅದು. ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಯಾವ ಪಿನ್? ನಾವು ಅದನ್ನು ಕೇಳುವುದನ್ನು ಬಿಟ್ಟಿದ್ದು ಯಾವಾಗ? ತಾನಾಗೇ ಬಿಟ್ಟುಹೋಯಿತೋ, ಯಾರಾದರೂ ಬಿಡಿಸಿದರೋ? ಆವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ.

ಕೀಪ್ಯಾಡ್ ಫೋನುಗಳ ಕಾಲ ಕಂಡವರಿಗೆ ಜಾಸ್ತಿ ವಿವರಿಸಬೇಕಿಲ್ಲ. ನೋಕಿಯಾದಲ್ಲೇ ಎರಡು ಜಾತಿ. ಮೊದಲು ದಪ್ಪ ಪಿನ್, 3.5 ಮಿಲಿಮೀಟರ್. ಆಮೇಲೆ ತೆಳು ಪಿನ್, 2 ಮಿಲಿಮೀಟರ್. ದಪ್ಪದ್ದನ್ನು ತೆಳು ಮಾಡಲು ಇಲಿಯ ಬಾಲದಂಥ ಒಂದು ಗಿಡ್ಡ ವೈರ್ ಬೇರೆ ಇತ್ತು. ಅದು ಕಳೆದುಹೋಗಲೆಂದೇ ಹುಟ್ಟಿದ ವಸ್ತು. ಸೋನಿ ಎರಿಕ್ಸನ್‌ಗೆ ಹಲ್ಲುಹಲ್ಲಿನ ಅಗಲ ಪಟ್ಟಿ. ಸ್ಯಾಮ್ಸಂಗ್‌ಗೆ ಇನ್ನೊಂದು ಥರದ ಅಗಲ. ಮೊಟೊರೊಲಾ ರೇಜರ್‌ಗೆ ಮಿನಿ ಯುಎಸ್‌ಬಿ. 2009ರ ಹೊತ್ತಿಗೆ 30ಕ್ಕಿಂತ ಹೆಚ್ಚು ಬಗೆಯ ಚಾರ್ಜರ್‌ಗಳಿದ್ದವು ಅಂತ ಯುರೋಪಿನವರು ಲೆಕ್ಕ ಕೊಡುತ್ತಾರೆ. ತಮಾಷೆ ಏನೆಂದರೆ ಫೋನುಗಳ ಹೊಟ್ಟೆಯಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ. ಸುಮಾರು 3.7 ವೋಲ್ಟಿನ ಒಂದು ಲಿಥಿಯಂ ಬ್ಯಾಟರಿ. ಹಸಿವು ಒಂದೇ, ಊಟ ಒಂದೇ, ಬಾಯಿ ಮಾತ್ರ ಮೂವತ್ತು ಬಗೆ.

ಕ್ಲಿಪ್ ಚಾರ್ಜರ್

ಆ ಕಾಲದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಚಿಕ್ಕಪ್ಪನಿಗೆ ಆಪರೇಷನ್ ಆಗಿತ್ತು, ಆಸ್ಪತ್ರೆಯಲ್ಲಿ ರಾತ್ರಿ ಉಳಿಯುವ ಪಾಳಿ ನನ್ನದು. ಅದೇ ವಾರ್ಡಿನಲ್ಲಿ ಒಬ್ಬ ಅಜ್ಜ ಹೆಂಡತಿಯನ್ನು ಸೇರಿಸಿ ಒಬ್ಬರೇ ಕೂತಿದ್ದರು. ಹತ್ತು ಗಂಟೆ ದಾಟಿದ ಮೇಲೆ ಹತ್ತಿರ ಬಂದು ಫೋನ್ ಚಾಚಿದರು. "ತಮ್ಮಾ, ಇದು ಸತ್ತು ಕೂತಿದೆ. ಸ್ವಲ್ಪ ಕರೆಂಟ್ ಹಾಕಿ ಕೊಡ್ತೀಯಾ? ಮಗ ಬರೋನಿದ್ದಾನೆ." ನನ್ನದು ಅಗಲ ಪಿನ್, ಅವರದು ತೆಳು ಪಿನ್. ವಾರ್ಡಿನಲ್ಲಿ ಎಚ್ಚರವಿದ್ದವರನ್ನೆಲ್ಲ ಕೇಳಿಕೊಂಡು ಬಂದೆ. ಮೂರು ಚಾರ್ಜರ್ ಸಿಕ್ಕವು, ಮೂರೂ ಬೇರೆ. ಒಬ್ಬರ ಹತ್ತಿರ ನೋಕಿಯಾದ್ದೇ ಇತ್ತು, ಆದರೆ ದಪ್ಪ ಪಿನ್. ಇಲಿಬಾಲ ಮನೆಯಲ್ಲಿದೆ ಅಂದರು. ಹಾಗಾದರೆ ಸಿಮ್ ತೆಗೆದು ನನ್ನ ಫೋನಿಗೆ ಹಾಕೋಣ ಅಂದುಕೊಂಡೆ. ಹಾಕಿದೆ. ಸಿಮ್ ಒಳಗೆ ಒಂದೇ ಒಂದು ನಂಬರ್ ಇಲ್ಲ. ಎಲ್ಲ ಫೋನಿನ ಮೆಮೊರಿಯಲ್ಲೇ ಸೇವ್ ಆಗಿತ್ತು. ಮಗನ ನಂಬರ್ ಬಾಯಿಪಾಠ ಇದೆಯಾ ಅಜ್ಜಾ ಅಂದರೆ, ಮೊದಲ ನಾಲ್ಕು ಅಂಕಿ ಸರಸರ ಹೇಳಿ ನಿಂತುಬಿಟ್ಟರು.

ಕೊನೆಗೆ ನೆರವಿಗೆ ಬಂದದ್ದು ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಅಣ್ಣ. ಜೇಬಿನಿಂದ ಕ್ಲಿಪ್ ಚಾರ್ಜರ್ ತೆಗೆದ. ನೋಡಿದ್ದೀರಲ್ವಾ ಅದನ್ನು? ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಬಾಯಿ ಬಿಡುತ್ತದೆ. ಒಳಗೆ ಮೀಸೆಯಂಥ ಎರಡು ತಂತಿ. ಫೋನಿನಿಂದ ಬ್ಯಾಟರಿ ಕಿತ್ತು ಅದರ ಬಾಯಿಗಿಟ್ಟು, ಮೀಸೆಗಳನ್ನು ಅತ್ತಿತ್ತ ಸರಿಸಿ ಬ್ಯಾಟರಿಯ ಲೋಹದ ಚುಕ್ಕಿಗಳಿಗೆ ತಾಗಿಸಬೇಕು. ತಾಗಿದರೆ ಬಣ್ಣಬಣ್ಣದ ಲೈಟು ಮಿಣುಕುತ್ತದೆ. ಅಣ್ಣ "ಇದಕ್ಕೆ ಪಿನ್ ಗಿನ್ ಏನೂ ಬೇಡ" ಅಂತ ಹೇಳಿ ಹೊರಟೇಹೋದ. ಅಜ್ಜ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಲೈಟನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಫೋನ್ ಜೀವ ಹಿಡಿಯಿತು. ಕರೆ ಹೋಯಿತು. ಮಗ ಆಗಲೇ ಬಂದು ಒಂದು ಗಂಟೆಯಾಗಿತ್ತಂತೆ. ಕೆಳಗೆ ಗೇಟಿನ ಹತ್ತಿರ ಕೂತಿದ್ದ. ಯಾವ ವಾರ್ಡು ಅಂತ ಗೊತ್ತಿಲ್ಲದೆ ಕಾವಲಿನವರು ಒಳಗೆ ಬಿಟ್ಟಿರಲಿಲ್ಲ.

ಈಗ ಯೋಚಿಸಿದರೆ ಆ ಕ್ಲಿಪ್ ಚಾರ್ಜರ್ ಜನರೇ ಮಾಡಿಕೊಂಡ ನಿಯಮ ಅನ್ನಿಸುತ್ತದೆ. ಕಂಪನಿಗಳು ಮೂತಿಗಾಗಿ ಜಗಳವಾಡಲಿ, ನಾವು ನೇರ ಬ್ಯಾಟರಿಗೇ ಕೈ ಹಾಕುತ್ತೇವೆ ಅಂದ ಹಾಗೆ. ಅದು ಒಳ್ಳೆಯ ವಸ್ತು ಅಂತ ನಾನು ಹೇಳುತ್ತಿಲ್ಲ. ಎಷ್ಟು ಕರೆಂಟ್ ಕೊಡುತ್ತಿತ್ತೋ, ಯಾವಾಗ ನಿಲ್ಲಿಸುತ್ತಿತ್ತೋ ದೇವರಿಗೇ ಗೊತ್ತು. ಬ್ಯಾಟರಿ ಉಬ್ಬಿಸಿಕೊಂಡವರನ್ನೂ ಕಂಡಿದ್ದೇನೆ. ಆಮೇಲೆ ಬ್ಯಾಟರಿಯನ್ನು ಫೋನಿನೊಳಗೆ ಅಂಟು ಹಾಕಿ ಕೂರಿಸುವ ಕಾಲ ಬಂತು, ಕ್ಲಿಪ್ಪಿನ ಕಥೆ ಮುಗಿಯಿತು. (ಬಳಸುವವರೇ ತೆಗೆದು ಬದಲಿಸುವಂಥ ಬ್ಯಾಟರಿ ಇರಬೇಕು ಅಂತ ಯುರೋಪ್ 2023ರಲ್ಲಿ ಇನ್ನೊಂದು ಕಾಯ್ದೆ ಮಾಡಿದೆ. ಕೆಲವು ವಿನಾಯಿತಿಗಳೊಂದಿಗೆ 2027ರ ಫೆಬ್ರವರಿಯಿಂದ ಜಾರಿ. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.) ಒಳದಾರಿ ಮುಚ್ಚಿದ ಮೇಲೆ ಉಳಿದದ್ದು ಮುಂಬಾಗಿಲು ಮಾತ್ರ. ಹಾಗಾಗಿ ಆ ಬಾಗಿಲಿನ ಆಕಾರವನ್ನು ಯಾರು ತೀರ್ಮಾನಿಸಬೇಕು ಅನ್ನುವ ಪ್ರಶ್ನೆ ಮೊದಲಿಗಿಂತ ದೊಡ್ಡದಾಯಿತು.

ಗೋಡೆಯ ಕಡೆಯ ನಿಯಮ

ಚಾರ್ಜರ್ ನಿಯಮ ಅಂದ ಕೂಡಲೇ ಎಲ್ಲರೂ ಯುರೋಪಿನ ಹೆಸರು ಹೇಳುತ್ತಾರೆ. ಅದಕ್ಕೂ ಮೊದಲೇ ದಕ್ಷಿಣ ಕೊರಿಯಾ 24 ಪಿನ್ನಿನ ಒಂದೇ ಮೂತಿಯನ್ನು ಪ್ರಯತ್ನಿಸಿತ್ತು. ಆದರೆ ನನ್ನ ಲೆಕ್ಕದಲ್ಲಿ ಮೊದಲ ಹಾರ ಚೀನಾದ ಒಂದು ನಿಯಮಕ್ಕೆ. 2006ರ ಕೊನೆಯಲ್ಲಿ ಬಂದು 2007ರ ಜೂನಿನಲ್ಲಿ ಜಾರಿಯಾಯಿತು. ಅದರ ಜಾಣತನ ನೋಡಿ. ಫೋನಿನ ಮೂತಿಯ ಬಗ್ಗೆ ಅದು ಹೆಚ್ಚು ಹಟ ಮಾಡಲಿಲ್ಲ. ಗೋಡೆಗೆ ಸಿಕ್ಕಿಸುವ ಅಡಾಪ್ಟರಿನ ಕಡೆ ಮಾತ್ರ ಯುಎಸ್‌ಬಿ ತೂತು ಇರಲೇಬೇಕು ಅಂದಿತು. ಅಂದರೆ ವೈರು ಬೇರೆ, ಅಡಾಪ್ಟರ್ ಬೇರೆ. ಇವತ್ತಿಗೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಲ್ಲಿಯವರೆಗೆ ಎರಡೂ ಹುಟ್ಟಿನಿಂದಲೇ ಅಂಟಿಕೊಂಡವು. ಪಿನ್ನಿನ ಕತ್ತಿನ ಹತ್ತಿರ ವೈರು ಸೀಳಿದರೆ ಚಾರ್ಜರ್ ಪೂರ್ತಿ ಕಸಕ್ಕೆ. ಟೇಪ್ ಸುತ್ತಿ, ಒಂದು ಕೋನದಲ್ಲಿ ಬಗ್ಗಿಸಿ, ಮೇಲೆ ಪುಸ್ತಕ ಇಟ್ಟು ಚಾರ್ಜ್ ಮಾಡಿದ ನೆನಪು ನಿಮಗೂ ಇರಬೇಕು. ಆ ಸಂಬಂಧ ಬಿಡಿಸಿದ್ದೇ ದೊಡ್ಡ ಕೆಲಸ. ಹತ್ತು ವರ್ಷ ಹಳೆಯ ಅಡಾಪ್ಟರ್ ಒಂದು ಇವತ್ತಿಗೂ ನನ್ನ ಮನೆಯಲ್ಲಿ ಕೆಲಸ ಮಾಡುತ್ತಿದೆ. ಅಷ್ಟರಲ್ಲಿ ಅದು ಮೂರು ತಲೆಮಾರಿನ ವೈರುಗಳನ್ನು ಕಂಡಿದೆ.

ಯುರೋಪ್ ಮೊದಲು ಕೈಮುಗಿದು ಕೇಳಿತು. 2009ರಲ್ಲಿ ದೊಡ್ಡ ಕಂಪನಿಗಳೆಲ್ಲ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕಡ್ಡಾಯವಿಲ್ಲ, ಮನಸ್ಸಿನಿಂದ ಪಾಲಿಸಬೇಕಾದದ್ದು. ಎಲ್ಲರಿಗೂ ಮೈಕ್ರೋ ಯುಎಸ್‌ಬಿ. ಆಪಲ್ ಕೂಡ ಸಹಿ ಹಾಕಿತು. ಆದರೆ ಬೇಕಿದ್ದವರು ನಡುವೆ ಒಂದು ಅಡಾಪ್ಟರ್ ತುಂಡು ಇಟ್ಟುಕೊಳ್ಳಬಹುದು ಅನ್ನುವ ಮಾತು ಅದರಲ್ಲಿತ್ತು. ಆಪಲ್ ಆ ಸಂದಿಯಲ್ಲಿ ನುಸುಳಿ ತನ್ನ 30 ಪಿನ್ನಿನ ಮೂತಿಯನ್ನೇ ಉಳಿಸಿಕೊಂಡಿತು. 2012ರಲ್ಲಿ ಅದನ್ನು ಬಿಟ್ಟು ಲೈಟ್ನಿಂಗ್ ತಂದಿತು. ಮತ್ತೆ ಇಲಿಬಾಲ! ಹಾಗಂತ ಆ ಒಪ್ಪಂದ ವ್ಯರ್ಥ ಅಂತಲ್ಲ. ಮೂವತ್ತು ಬಗೆಯಿದ್ದದ್ದು ಮೂರಕ್ಕೆ ಇಳಿಯಿತು. ಮೂರರಿಂದ ಕೆಳಗೆ ಇಳಿಯಲು ಮಾತ್ರ ಒಳ್ಳೆಯ ಮಾತು ಸಾಲಲಿಲ್ಲ. 2020ರ ಜನವರಿಯಲ್ಲಿ ಯುರೋಪಿಯನ್ ಪಾರ್ಲಿಮೆಂಟ್ 582 ಮತಗಳಿಂದ ಕಾನೂನು ತನ್ನಿ ಅಂದಿತು, ವಿರುದ್ಧ ಬಿದ್ದದ್ದು 40. 2022ರ ಅಕ್ಟೋಬರ್ 4ರಂದು ಕಾನೂನಿಗೇ ಒಪ್ಪಿಗೆ, ಪರ 602, ವಿರುದ್ಧ 13. ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್ ಇತ್ಯಾದಿಗಳಿಗೆ 2024ರ ಡಿಸೆಂಬರ್ 28ರಿಂದ ಸಿ ಟೈಪ್ ಕಡ್ಡಾಯವಾಯಿತು. ಲ್ಯಾಪ್‌ಟಾಪ್‌ಗೆ 2026ರ ಏಪ್ರಿಲ್ 28ರ ಗಡುವು. ಆಪಲ್ ಅಲ್ಲಿಯವರೆಗೂ ಕಾಯಲಿಲ್ಲ. 2023ರ ಸೆಪ್ಟೆಂಬರಿನಲ್ಲೇ ಐಫೋನ್ 15ಕ್ಕೆ ಸಿ ಹಾಕಿತು. ಅದೂ ಬರೀ ಯುರೋಪಿಗಲ್ಲ, ಎಲ್ಲ ಕಡೆಗೂ. ಒಂದು ಕಡೆಯ ಕಾನೂನು ಎಲ್ಲರ ಜೇಬಿಗೆ ಬಂದದ್ದು ಹೀಗೆ.

ಹೊಸತನ ಸಾಯುತ್ತದೆ ಅನ್ನುವುದು ಆಪಲ್‌ನ ವಾದವಾಗಿತ್ತು. ಅದನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2009ರಲ್ಲೇ ಕಾನೂನು ಬಂದಿದ್ದರೆ ಏನಾಗುತ್ತಿತ್ತು ಯೋಚಿಸಿ. ಕತ್ತಲಲ್ಲಿ ತಡಕಾಡಿ, ಒಮ್ಮೆ ತಿರುಗಿಸಿ, ಇನ್ನೊಮ್ಮೆ ತಿರುಗಿಸಿ ಚುಚ್ಚಬೇಕಾದ ಆ ಮೈಕ್ರೋ ಯುಎಸ್‌ಬಿಯೇ ಕಾನೂನಿನ ಕಲ್ಲಿನಲ್ಲಿ ಕೆತ್ತಿಹೋಗುತ್ತಿತ್ತು. ಸಿ ಟೈಪ್‌ನ ವಿನ್ಯಾಸ ಬಂದದ್ದೇ 2014ರಲ್ಲಿ. ಹೇಗೆ ಬೇಕಾದರೂ ಚುಚ್ಚಬಹುದಾದ ಪಿನ್ನನ್ನು ಅದಕ್ಕೂ ಎರಡು ವರ್ಷ ಮೊದಲೇ ಜನರ ಕೈಗೆ ಕೊಟ್ಟದ್ದು ಯಾರು? ಯಾರ ಮಾತನ್ನೂ ಕೇಳದ ಆಪಲ್! ಇನ್ನೊಂದು ನಿಜ ಹೇಳಿಬಿಡುತ್ತೇನೆ. ಲೈಟ್ನಿಂಗ್ ಪಿನ್ ಗಟ್ಟಿ ಪಟ್ಟಿ, ಫೋನಿನ ತೂತು ಖಾಲಿ. ಜೇಬಿನ ನೂಲುಕಸ ತುಂಬಿದರೆ ಕಡ್ಡಿ ಹಾಕಿ ಕೆದಕಿದರಾಯಿತು. ಸಿ ಟೈಪ್‌ನ ತೂತಿನ ನಡುವೆ ತೆಳ್ಳನೆಯ ನಾಲಿಗೆ ಇದೆ. ಕಡ್ಡಿ ಹಾಕುವಾಗ ನನಗೆ ಪ್ರತಿ ಸಲ ಕೈ ನಡುಗುತ್ತದೆ. ಗೆದ್ದದ್ದು ಎಲ್ಲ ವಿಷಯದಲ್ಲೂ ಮೇಲು ಅಂತೇನಿಲ್ಲ. ಮುಂದೆ ಇದಕ್ಕಿಂತ ಒಳ್ಳೆಯದು ಬಂದರೆ ಕಾನೂನನ್ನು ತಿದ್ದಲು ಯುರೋಪಿಯನ್ ಕಮಿಷನ್‌ಗೆ ಅಧಿಕಾರವಿದೆ, ಸರಿ. ಆದರೆ ಫೋನಿಗೆ ಹಾಕಿ ಮಾರಲಾಗದ ಮೂತಿಯನ್ನು ಯಾರು ಕೂತು ಕಂಡುಹಿಡಿಯುತ್ತಾರೆ?

ಕಸದ ಲೆಕ್ಕ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಬಳಸದೆ ಬಿಸಾಡುವ ಚಾರ್ಜರ್‌ಗಳಿಂದ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಕಸ ಅಂತ ಕಮಿಷನ್ ಹೇಳಿತು. ಜನ ಸುಮ್ನೆ ಕೊಳ್ಳುವ ಚಾರ್ಜರ್‌ಗಳ ಖರ್ಚಿನಲ್ಲಿ 25 ಕೋಟಿ ಯೂರೋ ಉಳಿಯುತ್ತದೆ ಅಂತಲೂ ಹೇಳಿತು. ಇರಲಿ. ಆದರೆ 2022ರಲ್ಲಿ ಇಡೀ ಜಗತ್ತಿನ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಕಸದ ನೆಪ ಹೇಳಿ ಏನೆಲ್ಲ ಮಾಡಬಹುದು ಅನ್ನುವುದನ್ನೂ ನೋಡಿಯಾಯಿತು. 2020ರ ಅಕ್ಟೋಬರಿನಲ್ಲಿ ಆಪಲ್ ಪರಿಸರದ ಹೆಸರಿನಲ್ಲಿ ಐಫೋನ್ ಪೆಟ್ಟಿಗೆಯಿಂದ ಚಾರ್ಜರ್ ತೆಗೆಯಿತು. ಮನೆಯಲ್ಲಿ ಹಳೆಯದು ಇರುತ್ತದಲ್ಲ ಅನ್ನುವ ವಾದ. ಪೆಟ್ಟಿಗೆಯಲ್ಲಿ ಕೊಟ್ಟ ವೈರಿನ ಇನ್ನೊಂದು ತುದಿ ಸಿ. ಹೆಚ್ಚಿನವರ ಮನೆಯಲ್ಲಿದ್ದ ಹಳೆಯ ಅಡಾಪ್ಟರಿನ ತೂತು ಎ, ಅಂದರೆ ಹಳೆಯ ಅಗಲದ ಯುಎಸ್‌ಬಿ. ಬ್ರೆಜಿಲ್ ಸರ್ಕಾರ 2022ರಲ್ಲಿ ಚಾರ್ಜರ್ ಇಲ್ಲದೆ ಐಫೋನ್ ಮಾರಕೂಡದು ಅಂತ ದಂಡ ಹಾಕಿತು. ಯುರೋಪಿನ ಕಾನೂನು ಅದೇ ವರ್ಷ, ಚಾರ್ಜರ್ ಇಲ್ಲದೆಯೂ ಕೊಳ್ಳುವ ಆಯ್ಕೆ ಕೊಡಲೇಬೇಕು ಅಂದಿತು. ಒಬ್ಬರು ಕೊಡು ಅನ್ನುತ್ತಾರೆ, ಒಬ್ಬರು ಕೊಡದಿರಲೂ ಬಿಡು ಅನ್ನುತ್ತಾರೆ. ಇಬ್ಬರೂ ಗ್ರಾಹಕರ ಪರವೇ!

ಬಾಗಿಲು ತಟ್ಟದ ಟ್ರಿಮ್ಮರ್

ಇನ್ನು ನನ್ನದೇ ಒಂದು ಪಜೀತಿ. ಒಂದು ಟ್ರಿಮ್ಮರ್ ಕೊಂಡಿದ್ದೆ. ಕೆಳಗೆ ಸಿ ಟೈಪ್ ತೂತು. ಅದರ ಜೊತೆ ಬಂದ ವೈರು ಎಲ್ಲೋ ಕಳೆದುಹೋಯಿತು. ಕಳೆದರೇನು, ಈಗೆಲ್ಲ ಒಂದೇ ಅಲ್ವಾ ಅಂತ ಧೈರ್ಯ. ಲ್ಯಾಪ್‌ಟಾಪಿನ ದೊಡ್ಡ ಅಡಾಪ್ಟರಿಗೆ ಎರಡೂ ತುದಿ ಸಿ ಇರುವ ವೈರು ಹಾಕಿ ಚುಚ್ಚಿದೆ. ಲೈಟ್ ಬರಲಿಲ್ಲ. ಫೋನಿನ ಅಡಾಪ್ಟರಿಗೆ ಹಾಕಿದೆ, ಇಲ್ಲ. ಪವರ್ ಬ್ಯಾಂಕ್, ಇಲ್ಲ. ಕೆಟ್ಟಿದೆ ಅಂತ ತೀರ್ಮಾನಿಸಿ ಡ್ರಾಯರಿಗೆ ಹಾಕಿದೆ. ಎರಡು ತಿಂಗಳಾದ ಮೇಲೆ ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನೊಬ್ಬ ಮನೆಗೆ ಬಂದಾಗ ತೋರಿಸಿದೆ. ಅವನು ಒಂದು ಹಳೆಯ ವೈರು ಹುಡುಕಿದ. ಒಂದು ತುದಿ ಅಗಲದ ಎ, ಇನ್ನೊಂದು ತುದಿ ಸಿ. ನನ್ನ ಆ ಹತ್ತು ವರ್ಷದ ಅಡಾಪ್ಟರಿಗೆ ಸಿಕ್ಕಿಸಿದ. ಟ್ರಿಮ್ಮರಿನ ಲೈಟ್ ಹತ್ತಿತು.

ಅವನು ವಿವರಿಸಿದ್ದು ಇಷ್ಟು. ಎ ತೂತಿನ ಅಡಾಪ್ಟರ್ ಬಾಗಿಲು ತೆರೆದೇ ಇಟ್ಟ ಮನೆ. ಯಾರು ಬಂದರೂ ಬರದಿದ್ದರೂ ಅಲ್ಲಿ ಐದು ವೋಲ್ಟ್ ಇದ್ದೇ ಇರುತ್ತದೆ. ಸಿ ತೂತಿನ ಅಡಾಪ್ಟರ್ ಹಾಗಲ್ಲ, ತಟ್ಟಿದರೆ ಮಾತ್ರ ತೆಗೆಯುತ್ತದೆ. ತಟ್ಟುವುದು ಅಂದರೆ ಚಾರ್ಜ್ ಆಗಬೇಕಾದ ವಸ್ತುವಿನೊಳಗೆ 5.1 ಕಿಲೋ ಓಮ್‌ನ ಎರಡು ಪುಟಾಣಿ ರೆಸಿಸ್ಟರ್ ಇರಬೇಕು. ಅವನ್ನು ಕಂಡ ಮೇಲೆಯೇ ಅಡಾಪ್ಟರ್ ಕರೆಂಟ್ ಬಿಡುತ್ತದೆ. ನನ್ನ ಟ್ರಿಮ್ಮರ್ ಮಾಡಿದವರು ಆ ಎರಡನ್ನು ಹಾಕದೆ ಉಳಿಸಿದ್ದರು. ಅವುಗಳ ಬೆಲೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಇನ್ನೊಂದು ರೀತಿಯಲ್ಲಿ ಇದೇ ಜಾಗದಲ್ಲಿ ಎಡವಿದ ದೊಡ್ಡವರೂ ಇದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡುಗಳು ಕೆಲವು ಸಿ ವೈರುಗಳಿಗೆ ಓಗೊಡುತ್ತಿರಲಿಲ್ಲ. ಎರಡು ರೆಸಿಸ್ಟರ್ ಬೇಕಾದಲ್ಲಿ ಒಂದನ್ನೇ ಹಂಚಿಕೊಂಡಿದ್ದರು. ಆಮೇಲೆ ಸರಿಮಾಡಿದರು. ನನ್ನ ಟ್ರಿಮ್ಮರಿನವರಿಗೆ ಆ ಒತ್ತಡವೂ ಇಲ್ಲ. ಯುರೋಪಿನ ಕಾನೂನಿನ ಪಟ್ಟಿಯಲ್ಲಿರುವುದು 13 ಬಗೆಯ ಸಾಧನಗಳು. ಇಯರ್‌ಬಡ್ ಇದೆ, ಮೌಸ್ ಇದೆ, ಕೀಬೋರ್ಡ್ ಇದೆ. ಟ್ರಿಮ್ಮರ್ ಇಲ್ಲ.

ಮೂತಿ ಒಂದಾದ ಮೇಲೆ ವ್ಯತ್ಯಾಸಗಳೆಲ್ಲ ಒಳಗೆ ಹೋಗಿ ಬಚ್ಚಿಟ್ಟುಕೊಂಡವು ಅನ್ನಿಸುತ್ತದೆ. ನೋಡಲು ಒಂದೇ ಥರದ ಎರಡು ವೈರು. ಒಂದು 60 ವ್ಯಾಟಿಗೆ ನಿಲ್ಲುತ್ತದೆ, ಇನ್ನೊಂದು ಹೊಟ್ಟೆಯಲ್ಲಿ ಚಿಪ್ ಇಟ್ಟುಕೊಂಡು 240 ವ್ಯಾಟಿನವರೆಗೂ ಹೋಗುತ್ತದೆ. ಒಂದೇ ವರ್ಷದ ಐಫೋನ್ 15 ಮತ್ತು 15 ಪ್ರೋ ಎರಡಕ್ಕೂ ಅದೇ ತೂತು. ಮೊದಲನೆಯದರಲ್ಲಿ ಫೈಲ್ ಸಾಗುವುದು ಹಳೆಯ ಯುಎಸ್‌ಬಿ 2ರ ವೇಗದಲ್ಲಿ, ಸೆಕೆಂಡಿಗೆ 480 ಮೆಗಾಬಿಟ್. ಎರಡನೆಯದರಲ್ಲಿ 10 ಗಿಗಾಬಿಟ್. ಫಾಸ್ಟ್ ಚಾರ್ಜಿಂಗ್‌ನಲ್ಲಂತೂ ಒಂದೊಂದು ಕಂಪನಿಗೆ ಒಂದೊಂದು ಗುಟ್ಟಿನ ಭಾಷೆ. ತನ್ನ ಅಡಾಪ್ಟರ್ ಜೊತೆ ಅರ್ಧ ಗಂಟೆಯಲ್ಲಿ ತುಂಬುವ ಫೋನು ಪಕ್ಕದವರ ಅಡಾಪ್ಟರ್ ಹಾಕಿದರೆ ಆಮೆಯಾಗುತ್ತದೆ. ಇದನ್ನು ಕಾನೂನು ಮರೆತಿಲ್ಲ. 15 ವ್ಯಾಟಿಗಿಂತ ಜಾಸ್ತಿ ಎಳೆಯುವ ಸಾಧನ ಪವರ್ ಡೆಲಿವರಿ ಅನ್ನುವ ಸಾಮಾನ್ಯ ಭಾಷೆಯನ್ನೂ ಮಾತಾಡಲೇಬೇಕು, ಮನೆಮಾತು ಬೇರೆ ಇದ್ದರೆ ಇರಲಿ ಅಂದಿದೆ. ಆದರೂ ನಮ್ಮ ಮನೆಯಲ್ಲಿ ಈಗ ಕೇಳಿಬರುವ ಪ್ರಶ್ನೆ "ಎಷ್ಟು ವ್ಯಾಟ್ ಇದು?"

ಹಾಗಾದರೆ "ಯಾವ ಪಿನ್?" ಹೋಗಿ "ಎಷ್ಟು ವ್ಯಾಟ್?" ಬಂತು, ಏನು ಲಾಭ ಅಂತ ಕೇಳಬಹುದು. ನಾನೂ ಸ್ವಲ್ಪ ದಿನ ಹಾಗೇ ಗೊಣಗಿದೆ. ಆದರೆ ಆ ಅಜ್ಜನನ್ನು ನೆನೆದರೆ ಗೊಣಗಲು ಆಗುವುದಿಲ್ಲ. ಹಳೆಯ ಪ್ರಶ್ನೆಗೆ ಉತ್ತರ ತಪ್ಪಾದರೆ ಫೋನ್ ಸತ್ತೇ ಇರುತ್ತಿತ್ತು. ಹೊಸ ಪ್ರಶ್ನೆಗೆ ತಪ್ಪಾದರೆ ನಿಧಾನವಾಗುತ್ತದೆ. ಮಗನಿಗೆ ಒಂದು ಕರೆ ಮಾಡಲು ಎರಡು ಪರ್ಸೆಂಟ್ ಸಾಕು. ಕಸ, ಖರ್ಚು, ಹೊಸತನ ಅಂತ ದೊಡ್ಡ ದೊಡ್ಡ ಮಾತಾಡಿದವರು ಯಾರೂ ಗುರುತಿಲ್ಲದವರ ಹತ್ತಿರ ಚಾರ್ಜರ್ ಕೇಳಿ ಪಡೆಯುವುದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನ ಮಟ್ಟಿಗೆ ಈ ನಿಯಮದಿಂದ ಸಿಕ್ಕಿದ್ದು ಅದೇ. ಅದಕ್ಕೇ ಒಂದು ವಿಷಯ ಚುಚ್ಚುತ್ತದೆ. ಭಾರತದಲ್ಲಿ 2022ರ ನವೆಂಬರಿನಲ್ಲಿ ಸರ್ಕಾರ ಮತ್ತು ಕಂಪನಿಗಳು ಕೂತು ಮಾತಾಡಿದಾಗ ಸ್ಮಾರ್ಟ್‌ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗೆ ಸಿ ಟೈಪ್ ಅಂತ ಒಮ್ಮತ ಬಂತು. ಕೀಪ್ಯಾಡ್ ಫೋನಿಗೆ ಬೇರೆ ಮೂತಿ ಇರಬಹುದು ಅನ್ನುವ ಮಾತೂ ಅಲ್ಲೇ ಬಂತು. ಬೆಲೆಯ ಕಾರಣ ಇರಬಹುದು, ಅರ್ಥವಾಗುತ್ತದೆ. ಆದರೆ ವಾರ್ಡಿನಲ್ಲಿ ರಾತ್ರಿ ಹತ್ತಕ್ಕೆ ಚಾರ್ಜರ್ ಕೇಳಿಕೊಂಡು ಬರುವವರ ಕೈಯಲ್ಲಿ ಯಾವ ಫೋನ್ ಇರುತ್ತದೆ?

ಹೋದ ಭಾನುವಾರ ಡ್ರಾಯರ್ ಖಾಲಿ ಮಾಡಿದೆ. ಎರಡು ತೆಳು ಪಿನ್, ಒಂದು ಅಗಲ ಪಟ್ಟಿ, ಯಾವುದಕ್ಕೆ ಅಂತ ನೆನಪಿಲ್ಲದ ಒಂದು ಇಲಿಬಾಲ, ಮೈಕ್ರೋ ಯುಎಸ್‌ಬಿ ಐದಾರು. ಇ-ತ್ಯಾಜ್ಯ ಅಂತ ಬರೆದು ಒಂದು ಚೀಲಕ್ಕೆ ತುಂಬಿದೆ. ಒಂದು ತೆಳು ಪಿನ್ ಮಾತ್ರ ಯಾಕೋ ವಾಪಸ್ ಒಳಗಿಟ್ಟೆ. ಉಳಿದದ್ದೆಲ್ಲ ಸಿ. ಎಲ್ಲ ಒಂದೇ ಥರ ಕಾಣುವುದರಿಂದ ಪ್ರತಿಯೊಂದಕ್ಕೂ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆದೆ. 60. 100. ಚಾರ್ಜ್ ಮಾತ್ರ, ಫೈಲ್ ಹೋಗಲ್ಲ. ಕೊನೆಗೆ ಗೆಳೆಯ ಹುಡುಕಿಕೊಟ್ಟ ಆ ಹಳೆಯ ವೈರು ಉಳಿಯಿತು. ಅದರ ಮೇಲೆ "ಟ್ರಿಮ್ಮರ್‌ಗೆ ಮಾತ್ರ" ಅಂತ ಬರೆದು ಟ್ರಿಮ್ಮರಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟೆ.